ಅಶ್ವತ್ಥಪ್ಪನ ಸೊಸೈಟಿ

ವರ್ಷದ ಸಭೆಗೆಂದು ಸೊಸೈಟಿಯ ಹೊಸಿಲು ದಾಟುತ್ತಲೇ ಹೊಸ ನೂಲಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆಯೇ ನನ್ನ ಭಯಗಳೆಲ್ಲ ಸಾಲುಗಟ್ಟಿ ಬಂದವು. ಮೈಕು ಕೆಡಬಹುದು. ಎದ್ದು ನಿಂತೊಡನೆ ಕೆಮ್ಮು ಬರಬಹುದು. ನನಗೆ ಮಾತು ಕೊಟ್ಟವರೆಲ್ಲ ಸೋಮಂದೇಪಲ್ಲಿಗೆ ಯಾವುದೋ ಮದುವೆಗೆ ಹೋಗಿರಬಹುದು. ಅಶ್ವತ್ಥಪ್ಪ ಎದೆ ಹಿಡಿದುಕೊಂಡು ಕುಸಿದು, ಸೇಡು ತೀರಿಸಿಕೊಳ್ಳಲು ಬಂದ ನಾನೇ ಅವನನ್ನು ಆಟೋ ಹತ್ತಿಸಬೇಕಾಗಬಹುದು.

ಆ ವಾಸನೆ ಹಿಂದೂಪುರದ ನಮ್ಮ ಹಳೆಯ ಮನೆಯದು. ನಡುಮನೆಯಲ್ಲಿ ಅಜ್ಜಿಯ ಮಗ್ಗ, ಅದರ ಪಕ್ಕ ನಮ್ಮ ಹಾಸಿಗೆ. ಬೆಳಕು ಹರಿಯುವ ಮೊದಲೇ ಲಾಳಿಯ ಸದ್ದು ಶುರುವಾಗುತ್ತಿತ್ತು. ಅದು ನಿಂತರೆ ಮಾತ್ರ ನಮಗೆ ಎಚ್ಚರವಾಗುತ್ತಿತ್ತು. ತಾತ ತೀರಿಕೊಂಡ ಮೇಲೆ ನೇಕಾರರ ಸೊಸೈಟಿಯ ಷೇರು ಅಜ್ಜಿಗೆ ಬಂದಿತ್ತು. ಊರೆಲ್ಲ ಅದನ್ನು ಅಶ್ವತ್ಥಪ್ಪನ ಸೊಸೈಟಿ ಎನ್ನುತ್ತಿತ್ತು; ಅವನು ಪ್ರೆಸಿಡೆಂಟು. ವರ್ಷದ ಸಭೆಯಲ್ಲಿ ಏನೋ ಓದಿ, ‘ಸರೇನಾ?’ ಎಂದು ಮೊದಲು ತಾನೇ ಕೈ ಎತ್ತುವನು. ಕೇಳಿಸಿಕೊಂಡವರೂ ಕೇಳಿಸಿಕೊಳ್ಳದವರೂ ಎತ್ತುವರು. ಹಿಂದಿನ ಕೋಣೆಯಲ್ಲಿ ಚಿತ್ರಾನ್ನ ಆರುತ್ತಿರುತ್ತಿತ್ತಲ್ಲ. ಒಂದು ಸಲ ಅಜ್ಜಿ ಎದ್ದು, ಒಳ್ಳೆಯ ನೂಲೆಲ್ಲ ಅವನ ಬೀಗರ ಮನೆಗೇ ಯಾಕೆ ಹೋಗುತ್ತದೆ ಎಂದು ಕೇಳಿಬಿಟ್ಟಳು.

‘ನನ್ನ ಸೊಸೈಟಿಯಾಗೆ ನನ್ನೇ ಕೇಳ್ತೀಯೇನಮ್ಮ? ಸುಮ್ಕೆ ಕೈ ಎತ್ತು.’

‘ನಿಂದೇ ಆಗಿದ್ರೆ ನಮ್ಮ ಕೈ ಯಾಕಪ್ಪ ಬೇಕು ನಿಂಗೆ?’

ಜನ ನಕ್ಕರು. ಆ ನಗುವಿನ ಸಿಟ್ಟಿಗೆ ಅವನು ನಮ್ಮ ಮನೆಗೆ ನೂಲು ಕೊಡುವುದನ್ನೇ ನಿಲ್ಲಿಸಿದ. ಮಗ್ಗ ಸುಮ್ಮನಾಯಿತು. ಅಪ್ಪ, ಚಿಕ್ಕಪ್ಪ ಒಬ್ಬೊಬ್ಬರಾಗಿ ಬೇರೆ ಊರಿನ ಮಗ್ಗಗಳಿಗೆ ಕೂಲಿಗೆ ಹೋದರು. ಮನೆ ಹಾಗೆಯೇ ಬಿಡಿಬಿಡಿಯಾಯಿತು. ಅಜ್ಜಿ ಮಾತ್ರ ಸಾಯುವವರೆಗೂ ಷೇರು ಬಿಡಲಿಲ್ಲ. ‘ಅವನದು ಎಷ್ಟೋ ನಂದೂ ಅಷ್ಟೇ ಕಣ್ಲಾ’ ಅನ್ನುತ್ತಿದ್ದಳು.

ಆ ಷೇರು ಈಗ ನನ್ನದು; ನಾನೂ ನೇಯುವವನೇ. ಸದಸ್ಯರೇ ಇದರ ಯಜಮಾನರು, ಪ್ರೆಸಿಡೆಂಟಿಗೂ ಒಂದೇ ಓಟು ಎಂದು ಮನೆಮನೆಗೆ ಹೇಳಿ ಗಂಟಲು ಹರಿದುಕೊಂಡಿದ್ದೆ. ಅವನು ಎದ್ದು ಕೂಗಾಡಬೇಕು, ಯಾರೂ ತಿರುಗಿ ನೋಡಬಾರದು, ಅದನ್ನು ನಾನು ಕಣ್ಣಾರೆ ಕಾಣಬೇಕು, ಅಷ್ಟೇ ನನ್ನ ಆಸೆ.

ಹೆದರಿದ್ದು ಯಾವುದೂ ಆಗಲಿಲ್ಲ. ಅಶ್ವತ್ಥಪ್ಪನನ್ನು ಇಳಿಸುವ ಠರಾವನ್ನು ಓದಿ ಮುಗಿಸಿದ ಸೆಕ್ರೆಟರಿ ‘ಸರೇನಾ?’ ಎಂದ. ಅಜ್ಜಿಯ ವಾರಿಗೆಯ ಮುದುಕಿಯರೂ ಕೈ ಎತ್ತಿದರು. ನಾನು ಅವನ ಮುಖ ನೋಡಲು ತಿರುಗಿದೆ. ಕಿವಿ ಮಂದವಾದ ಆ ಮುದುಕ, ಎಂದಿನಂತೆ, ಎಲ್ಲರಿಗಿಂತ ಮೊದಲು ಕೈ ಎತ್ತಿ ಕುಳಿತಿದ್ದ.

ಸೆಕ್ರೆಟರಿ ‘ಸರ್ವಾನುಮತ’ ಎಂದು ಬರೆದುಕೊಂಡ.