ಕ್ಯಾಮೆರಾಕ್ಕೆ ಪಾಸ್‌ಪೋರ್ಟ್ ತೋರಿಸಿದ ಅತ್ತೆ

ಗೆಳೆಯರೇ, ಆಕ್ಲೆಂಡಿನಲ್ಲಿ ಇವತ್ತು ಒಂದು ಪಕ್ಷದ ಸಮಾವೇಶ, ಹೊರಗೆ ಪ್ರತಿಭಟನೆ. ಮನೆ ಕಡೆಯ ಮೌಂಟ್ ರಾಸ್ಕಿಲ್ ಬಸ್ಸಿಗೆ ಅದರ ನಡುವೆಯೇ ಹಾದು ಹೋಗಬೇಕಾಯಿತು. ಪೊಲೀಸನೊಬ್ಬ ಎಲ್ಲರ ಮುಖವನ್ನೂ ವಿಡಿಯೊ ಮಾಡುತ್ತಿದ್ದ. ಇಲ್ಲೇ ನೆಲೆಸಲು ಹಾಕಿದ ನನ್ನ ರೆಸಿಡೆನ್ಸಿ ಅರ್ಜಿ ಇನ್ನೂ ಬಾಕಿ. ತಲೆ ತಗ್ಗಿಸಿ ನಡೆದೆ. ತಿರುಗಿ ನೋಡಿದರೆ, ಧಾರವಾಡದಿಂದ ಬಂದಿರುವ ಅತ್ತೆ ತಮ್ಮ ಪಾಸ್‌ಪೋರ್ಟಿನ ಝೆರಾಕ್ಸನ್ನು ಕ್ಯಾಮೆರಾಕ್ಕೆ ಹಿಡಿದು ನಿಂತಿದ್ದಾರೆ. ದಾರಿ ತಪ್ಪಿದರೆ ಇರಲಿ ಎಂದು ಅದರ ಮೇಲೆ ನಮ್ಮ ವಿಳಾಸ, ನನ್ನ ಹೆಸರು ಬರೆದುಕೊಟ್ಟವಳು ನಾನೇ.

"ಅತ್ತಿ, ಯಾರ್ ಕೇಳ್ಯಾರ್ರಿ ಅದನ್ನ?"

"ಕೇಳೂ ಮೊದ್ಲ ತೋರ್ಸಿಬಿಡಬೇಕವಾ. ನಾವು ಅವ್ರ ಪೈಕಿ ಅಲ್ಲಂತ ತಿಳೀಲಿ."

"ಯು ಆರ್ ಆಲ್ ರೈಟ್, ಆಂಟಿ," ಎಂದು ಪೊಲೀಸ್ ನಕ್ಕ. ಕ್ಯಾಮೆರಾ ಮಾತ್ರ ಆರಿಸಲಿಲ್ಲ.

ಘೋಷಣೆ ಕೂಗಿದವರು ಯಾರೂ ಹೆಸರು ಕೊಟ್ಟಿರಲಿಲ್ಲ. ಪೊಲೀಸರ ಬಳಿ ಈಗ ವಿಳಾಸ ಸಮೇತ ಇರುವುದು, ಬಸ್ಸಿಗೆ ಹೊರಟಿದ್ದ ನಮ್ಮಿಬ್ಬರ ಹೆಸರು ಮಾತ್ರ.