ಬೀಗತಿಗೆ ಬೈದು ಬೆಚ್ಚಿಬಿದ್ದ ಶಿವಬಸವ್ವ

ಬೆಳಗಾವಿಯ ಖಾಸಬಾಗದಲ್ಲಿ ಇನ್ನೂ ಬೆಳಕು ಹರಿದಿಲ್ಲ, ಶಿವಬಸವ್ವನ ರಾಟಿ ಆಗಲೇ ತಿರುಗುತ್ತಿದೆ. ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುವುದು ಅವರ ಹೊಟ್ಟೆಪಾಡು. ಕೈಯಲ್ಲಿ ನೂಲು, ಬಾಯಲ್ಲಿ ಹಾಡು. ಓಣಿಯಲ್ಲಿ ಯಾರದೇ ಮದುವೆಯಾದರೂ ಬೀಗರನ್ನು ಹಾಡಿನಲ್ಲಿ ಬಯ್ಯಲು ಇವರೇ ಬೇಕು. ಹೆಸರು ಹಿಡಿದು ಬೈದರೂ ಬೀಗರು ಮುನಿಯುವುದಿಲ್ಲ, ತಾವೂ ಹಾಡಿನಲ್ಲೇ ತಿರುಗಿ ಬಯ್ಯುತ್ತಾರೆ. ಅದು ಪದ್ಧತಿ.

ಈ ಬಾಯಿಯನ್ನು ಕ್ಯಾಸೆಟ್ಟಿಗೆ ಹತ್ತಿಸಿದವರು ರೇಡಿಯೋ ರಿಪೇರಿಯ ಮುನಾಫ. ದೊಡ್ಡ ಕಂಪನಿಗಳು ಬೇಡವೆಂದಾಗ, ಗಿಟಾರು, ಡ್ರಮ್ಮು ನುಡಿಸುವ ಗೆಳೆಯರನ್ನು ಕೂಡಿಸಿ ತಮ್ಮ ಅಂಗಡಿಯಲ್ಲೇ ರೆಕಾರ್ಡ್ ಮಾಡಿದರು. ಎಂಬತ್ತೇಳರ ಈ ಬೇಸಿಗೆಯಲ್ಲಿ ಅದು ಹೊರಬಿದ್ದದ್ದೇ ತಡ, ಬೆಳಗಾವಿ ಎರಡು ಹೋಳು. ಕಾಲೇಜು ಹುಡುಗರು ಕುಣಿದರು. ವಾರಪತ್ರಿಕೆಯ ವಿಮರ್ಶಕರೊಬ್ಬರು ಜನಪದದ ಕುತ್ತಿಗೆ ಹಿಚುಕಿದ್ದಾರೆಂದು ಹೌಹಾರಿದರು. ಓಣಿಯ ಮುದುಕಿಯರಿಗೆ ಗಿಟಾರಿನ ಚಿಂತೆಯೇ ಇಲ್ಲ. ಎದುರಿಗೆ ಬೀಗರೇ ಕೂತಿಲ್ಲದಾಗ ಅದೆಂಥ ಬೈಗುಳ ಎಂಬುದು ಅವರ ತಕರಾರು. ನನ್ನನ್ನು ಕೇಳಿದರೆ ಮುದುಕಿಯರದೇ ಖರೇ ವಿಮರ್ಶೆ.

ಎಡವಟ್ಟಾದದ್ದೂ ಅಲ್ಲೇ. ಬೀಗರ ಹಾಡೆಂದ ಮೇಲೆ ಒಂದು ಹೆಸರು ಬೇಕಲ್ಲ? ಶಿವಬಸವ್ವ ತಮ್ಮ ಮಗಳು ಗಂಗಾದೇವಿಯ ಅತ್ತೆಯ ಹೆಸರನ್ನೇ ಹಾಕಿಬಿಟ್ಟರು: 'ಖಾನಾಪುರದ ಸಂಗವ್ವ ಬೀಗತಿ, ಬುಟ್ಟಿ ಹೋಳಿಗಿ ತಿಂದು ಹಸದೇನಿ ಅಂತಿ.' ಖಾನಾಪುರ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈ ಹಾಡು ಹಚ್ಚಿದಾಗ ಸಂಗವ್ವ ಅಲ್ಲೇ ಇದ್ದರಂತೆ. ಪರಿಚಯದವರೆಲ್ಲ ತಿರುಗಿ ನಕ್ಕರಂತೆ. ಮರುದಿನವೇ ಅವರು ಹೇಳಿಕಳಿಸಿದರು: ಚೊಚ್ಚಲ ಬಸುರಿ ಗಂಗಾದೇವಿಯನ್ನು ಹೆರಿಗೆಗೆ ತವರಿಗೆ ಕಳಿಸುವುದಿಲ್ಲ.

"ಎದಿ ಧಸಕ್ ಅಂತ್ರೀ," ಎನ್ನುತ್ತಾರೆ ಶಿವಬಸವ್ವ. "ಅಂಗಡ್ಯಾಗ ಕುಂತು ಹಾಡಿದ್ದು ಬೀಗರ ಊರಿಗೆ ಹೋಗತೈತಿ ಅನ್ನೂದು ನನ್ನ ತಲಿಗೇ ಬರಲಿಲ್ಲ. ಮಗಳ ಬಾಣಂತನ ತಪ್ಪಿಸಿಕೊಂಡ್ನಲ್ಲಾ ಅಂತ ಅತ್ತೇನ್ರಿ."

ಬೆಳಗಿನ ಗಾಡಿ ಹತ್ತಿ ಖಾನಾಪುರಕ್ಕೆ ಓಡಿದರು. ತಪ್ಪಾಯಿತೆಂದು ಕೈ ಮುಗಿದರೆ, ಸಂಗವ್ವ ಆಡಿದ ಮಾತಿಗೆ ಇವರು ಮತ್ತೊಮ್ಮೆ ಬೆಚ್ಚಿದರು.

"ಬೈದದ್ದಕ್ಕ ನನಗ ಸಿಟ್ಟಿಲ್ರೀ. ಮದಿವ್ಯಾಗ ನಾ ತಿರುಗಿ ಹಾಡಿದ್ನಲ್ಲಾ, ಅದೆಲ್ಲಿ ಹೋತು? ಊರ ಮಂದಿ ಮುಂದ ನನ್ನ ಬಾಯಿ ಇಲ್ಲದಾಕಿ ಮಾಡಿಟ್ರಿ."

ಬೈಗುಳದ ಸಾಲ ಕಟ್ಟಿಕೊಂಡ ಮೇಲೆ ತೀರಿಸಲೇಬೇಕಲ್ಲ! ಮುನಾಫರ ಅಂಗಡಿಗೆ ಬಂದ ಸಂಗವ್ವ, ಶಿವಬಸವ್ವನನ್ನು ಎದುರಿಗೇ ಕೂರಿಸಿಕೊಂಡು ಹಾಡಿದರು. ಹೊಸ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಅವರದೇ. ಕೇಳಿ ನಾನಂತೂ ದಂಗಾದೆ. ಶಿವಬಸವ್ವನ ಸಾರು, ಸೀರೆ, ನಡಿಗೆ ಒಂದನ್ನೂ ಬಿಟ್ಟಿಲ್ಲ ಮಹಾತಾಯಿ. ವಿಮರ್ಶಕರು ಇದಕ್ಕೇನೆನ್ನುತ್ತಾರೋ ಶಿವನೇ ಬಲ್ಲ.

ಇನ್ನೇನಾದರೂ ಆಸೆಯಿದೆಯೇ ಎಂದು ಶಿವಬಸವ್ವನನ್ನು ಕೇಳಿದೆ. ಹೆರಿಗೆಗೆ ತವರಿಗೆ ಬಂದ ತುಂಬಿದ ಬಸುರಿ ಗಂಗಾದೇವಿ ಒಳಗೆ ಮಲಗಿದ್ದಾಳೆ. ಎಚ್ಚರವಾದಾಳೆಂದು ಶಿವಬಸವ್ವ ದನಿ ತಗ್ಗಿಸಿದರು.

"ಯಾರರೆ ಕ್ಯಾಸೆಟ್ ತಗೊಂಡ್ರ, ನನ್ನ ಬೈದ ಬಾಜೂನ ಮೊದಲ ಹಚ್ಚಾಕ ಹೇಳ್ರಿ. ಭಾಳ ಛಲೋ ಬೈದಾರ ನಮ್ಮ ಬೀಗತಿ."