ಭಾನುವಾರದ ಗ್ರೀಕರು

ಒಂದು ಸಭೆಗೆ ಎಷ್ಟು ಕುರ್ಚಿ ಹಾಕಬೇಕು ಎಂಬ ಪ್ರಶ್ನೆಯನ್ನು ಜಗತ್ತಿನ ಯಾವ ತತ್ತ್ವಜ್ಞಾನಿಯೂ ಗಂಭೀರವಾಗಿ ಎತ್ತಿಕೊಂಡಂತೆ ಕಾಣೆ. ಹೆಚ್ಚು ಹಾಕಿದರೆ ಖಾಲಿ ಕುರ್ಚಿಗಳು ಭಾಷಣಕಾರರನ್ನು ಅಣಕಿಸುತ್ತವೆ. ಕಡಿಮೆ ಹಾಕಿದರೆ ಜನ ಬರುವುದಿಲ್ಲವೆಂದು ನಾವೇ ಮುಂಚಿತವಾಗಿ ಒಪ್ಪಿಕೊಂಡಂತಾಗುತ್ತದೆ. ತ್ಯಾಗರಾಜನಗರದ ನಮ್ಮ ನಿವಾಸಿಗಳ ಸಂಘದ ಕೋಣೆಯಲ್ಲಿ, ಆ ಮೊದಲ ಭಾನುವಾರದ ಬೆಳಿಗ್ಗೆ, ಈ ಧರ್ಮಸಂಕಟದಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಆಶಾವಾದದ ಕಡೆಗೆ ವಾಲಿ, ಮೂಲೆಯಲ್ಲಿ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಬಿಡಿಸಿ ಸಾಲಾಗಿ ಹರಡಿದೆ. ಹೊರಗೆ ಗೇಟಿಗೆ ನಾನೇ ಅಂಟಿಸಿದ್ದ ಕಾಗದದಲ್ಲಿ ‘ಪ್ರಾಚೀನ ಗ್ರೀಕ್ ತತ್ತ್ವ: ಸರಳ ಪರಿಚಯ. ನಿವೃತ್ತ ಪ್ರಾಧ್ಯಾಪಕಿಯಿಂದ ಉಚಿತ ಪಾಠ. ಎಲ್ಲರಿಗೂ ಸ್ವಾಗತ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬಡಾವಣೆಯ ‘ಎಲ್ಲರೂ’ ಅದನ್ನು ಓದಿಕೊಂಡು ತರಕಾರಿ ತರಲು ಹೋದರು.

ನಾನು ಈ ಸಾಹಸಕ್ಕೆ ಇಳಿದುದೇಕೆಂದು ನೀವು ಕೇಳಬಹುದು. ಜ್ಞಾನಪ್ರಸಾರಕ್ಕೆ ಎಂದು ಸಂಘದ ಕಾರ್ಯದರ್ಶಿಗಳಿಗೆ ಹೇಳಿದ್ದೆ. ನಿಮ್ಮೆದುರು ಅಷ್ಟು ಸಭ್ಯವಾಗಿ ಸುಳ್ಳು ಹೇಳುವ ಅಗತ್ಯವಿಲ್ಲ. ಮದುವೆ ನನಗೂ ಒದಗಲಿಲ್ಲ, ನಾನೂ ಅದಕ್ಕೆ ಒದಗಲಿಲ್ಲ. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದೆ. ಕಲಿಯುವವರಿಲ್ಲದೆ ವಿಭಾಗ ಮುಚ್ಚಿದ ಮೇಲೆ ಕೊಟ್ಟದ್ದನ್ನು ಕಲಿಸುತ್ತ, ಒಂದು ದಿನ ಶಾಲು, ಹಾರ, ಹಣ್ಣಿನ ಬುಟ್ಟಿಗಳೊಂದಿಗೆ ಮನೆಗೆ ಬಂದೆ. ಆಮೇಲೆ ಮೌನ. ಹಾಲಿನವನಿಗೆ ಒಂದು ಮಾತು, ಸೊಪ್ಪಿನವಳಿಗೆ ಎರಡು, ಮಾಳಿಗೆಯ ಮನೆಯವರಿಗೆ ಮೆಟ್ಟಿಲ ಮೇಲೆ ಒಂದು ಮುಗುಳ್ನಗೆ, ಅಷ್ಟರಲ್ಲಿ ದಿನದ ವಾಗ್ವ್ಯವಹಾರ ಮುಗಿಯುತ್ತಿತ್ತು. ಕೆಲವು ಸಂಜೆ, ಸ್ವರ ಇನ್ನೂ ಇದೆಯೇ ಎಂದು ಗಂಟಲು ಸರಿಮಾಡಿಕೊಂಡು ಪರೀಕ್ಷಿಸಿದ್ದೂ ಉಂಟು. ಸಾಕ್ರಟೀಸ್ ಪುಣ್ಯವಂತ, ಅಥೆನ್ಸಿನ ಪೇಟೆಯಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ ‘ನ್ಯಾಯವೆಂದರೇನು’ ಎಂದು ಕೇಳುತ್ತಿದ್ದ, ಜನ ನಿಂತು ವಾದಿಸುತ್ತಿದ್ದರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅದೇ ಕೆಲಸ ಮಾಡಿದ್ದರೆ, ಅವನು ಬಾಯಿ ತೆರೆಯುವ ಮೊದಲೇ “ಕ್ರೆಡಿಟ್ ಕಾರ್ಡ್ ಬೇಡ ಸಾರ್” ಎಂದು ಮುಂದೆ ಹೋಗುತ್ತಿದ್ದರು.

ಹತ್ತು ಗಂಟೆ ದಾಟಿದ ಮೇಲೆ ಒಬ್ಬರು ಬಂದರು. ಎಪ್ಪತ್ತರ ಆಸುಪಾಸಿನ, ಹಣೆಯ ತುಂಬ ವಿಭೂತಿ ಧರಿಸಿದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರು. ಖಾಲಿ ಕುರ್ಚಿಗಳ ನಡುವೆ ಮದುವೆಮನೆಗೆ ಬೇಗ ಬಂದವರ ಹಾಗೆ ಸಂಕೋಚದಿಂದ ನಿಂತು, ಸುತ್ತ ನೋಡಿ, “ಹಾರ್ಮೋನಿಯಂ ಇನ್ನೂ ಬಂದಿಲ್ವಾ ಮೇಡಂ?” ಎಂದು ಕೇಳಿದರು.

ತತ್ತ್ವ ಎಂದು ಓದಿ ಅವರು ತತ್ತ್ವಪದ ಕೇಳಲು ಬಂದಿದ್ದರು. ಹಾಡು ಇಲ್ಲ, ಬರೀ ಮಾತು, ಅದೂ ಗ್ರೀಸ್ ದೇಶದ್ದು ಎಂದು ನಾನು ಕ್ಷಮೆಯ ಧ್ವನಿಯಲ್ಲಿ ವಿವರಿಸಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಹೋಗಿಬಿಡುತ್ತಾರೆಂದುಕೊಂಡೆ. “ಬಸ್ಸು ಇಳಿದು ಇಷ್ಟು ದೂರ ನಡ್ಕೊಂಡು ಬಂದಿದ್ದೀನಿ. ಹೇಳಿ, ಅದ್ನೇ ಕೇಳೋಣ” ಎಂದು ಮುಂದಿನ ಸಾಲಿನಲ್ಲಿ ಕುಳಿತರು.

ಹೆಸರು ಶಿವಾನಂದಪ್ಪ. ನಮ್ಮ ಬೀದಿಯ ತುದಿಯಲ್ಲೇ ಬಹಳ ವರ್ಷ ಪಾತ್ರೆ ಅಂಗಡಿ ನಡೆಸಿ, ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮುಚ್ಚಿ, ಸುಬ್ರಹ್ಮಣ್ಯಪುರದಲ್ಲಿ ಮಗ-ಸೊಸೆಯ ಜೊತೆ ಇದ್ದರು. ಭಾನುವಾರ ಮಾತ್ರ ಬಸ್ಸು ಹತ್ತಿ ಹಳೆಯ ಬೀದಿಯನ್ನು ಒಮ್ಮೆ ನೋಡಿಕೊಂಡು ಹೋಗುವ ಅಭ್ಯಾಸ. ಹಾಗೆ ಬಂದವರ ಕಣ್ಣಿಗೆ ನನ್ನ ಕಾಗದ ಬಿದ್ದಿತ್ತು.

ಅಂದು ಥೇಲ್ಸನಿಂದ ಆರಂಭಿಸಿದೆ. ಜಗತ್ತನ್ನು ದೇವತೆಗಳ ಕೋಪತಾಪಗಳಿಂದ ವಿವರಿಸುತ್ತಿದ್ದ ಕಾಲದಲ್ಲಿ, ಇದೆಲ್ಲ ಯಾವ ಒಂದು ವಸ್ತುವಿನಿಂದ ಆಗಿದೆ ಎಂದು ಕೇಳಿ, ನೀರಿನಿಂದ ಎಂದು ಉತ್ತರ ಕೊಟ್ಟವನು. ಉತ್ತರ ನಿಲ್ಲಲಿಲ್ಲ, ಪ್ರಶ್ನೆ ನಿಂತಿತು ಎಂದೆ. ಶಿವಾನಂದಪ್ಪ ಗಲ್ಲ ತುರಿಸಿಕೊಂಡು, “ಅವ್ರಿಗೂ ಸರಿಯಾಗಿ ಟ್ಯಾಂಕರ್ ಬರ್ತಿರ್ಲಿಲ್ಲ ಅನ್ಸುತ್ತೆ. ನಲ್ಲೀಲಿ ನೀರು ನಿಂತಾಗ್ಲೇ ಮೇಡಂ, ನೀರೇ ಎಲ್ಲಾ ಅಂತ ಹೊಳೆಯೋದು” ಎಂದರು. ನಾನು ಪಾಠ ನಿಲ್ಲಿಸಿ ನಕ್ಕೆ.

ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ. ಹೆರಾಕ್ಲಿಟಸನ ನದಿಯ ಬಗ್ಗೆ, ಹೆಸರು ಅದೇ ಉಳಿದು ನೀರು ಮಾತ್ರ ಸದಾ ಬೇರೆಯಾಗುವುದರ ಬಗ್ಗೆ ಹೇಳಿದ ದಿನ ಅವರು, “ನಮ್ಮನೇಲಿ ಎಲ್ರೂ ಒಳ್ಳೇವ್ರೇ. ಮಗ ಒಂದ್ ಮೀಟಿಂಗಲ್ಲಿ, ಸೊಸೆ ಒಂದ್ ಮೀಟಿಂಗಲ್ಲಿ. ನಾನು ಟೀವಿ ಸೌಂಡ್ ಕಮ್ಮಿ ಮಾಡ್ಕೊಂಡು ಕೂತಿರ್ತೀನಿ” ಎಂದರು. ತುಂಬಿದ ಮನೆಯಲ್ಲೂ ನನ್ನ ಮನೆಯ ಮೌನವೇ ಇರಬಹುದೆಂದು ನನಗೆ ಅಲ್ಲಿಯವರೆಗೆ ತೋಚಿರಲಿಲ್ಲ.

ಅರಿಸ್ಟಾಟಲನ ನಾಲ್ಕು ಕಾರಣಗಳಿಗೆ ಬಂದಾಗ ಅವರ ಗೌರವಾರ್ಥ ಹಿತ್ತಾಳೆ ಬಿಂದಿಗೆಯ ಉದಾಹರಣೆ ತೆಗೆದುಕೊಂಡೆ. ಹಿತ್ತಾಳೆ ಅದರ ದ್ರವ್ಯ, ಆ ದುಂಡು ಹೊಟ್ಟೆ ಅದರ ರೂಪ, ಬಡಿದವನು ಕರ್ತೃ, ನೀರು ತುಂಬುವುದು ಅದರ ಉದ್ದೇಶ ಎಂದು ನಾನು ಸಂಭ್ರಮದಿಂದ ಬೆರಳು ಮಡಿಚುತ್ತಿದ್ದರೆ, ಅವರು ವಿನಯದಿಂದ ತಡೆದರು: “ಕಡೇದು ಒಂದ್ ಸ್ವಲ್ಪ ಡೌಟು ಮೇಡಂ. ನೀರು ತುಂಬ್ತೀನಿ ಅಂತ ಬಿಂದಿಗೆ ತಗೊಂಡೋರ್ನ ನಾನು ನೋಡೇ ಇಲ್ಲ. ಗೃಹಪ್ರವೇಶಕ್ಕೆ ಕೊಡ್ತಾರೆ, ಅವ್ರು ಶೋಕೇಸಲ್ಲಿ ಇಡ್ತಾರೆ, ಅಷ್ಟೇ.” ನಾನು ಎಷ್ಟು ಜೋರಾಗಿ ನಕ್ಕೆನೆಂದರೆ, ಹೊರಗೆ ಓಡಾಡುತ್ತಿದ್ದ ಕಾರ್ಯದರ್ಶಿಗಳು ಕಿಟಕಿಯಲ್ಲಿ ಇಣುಕಿ, ಗ್ರೀಕ್ ತತ್ತ್ವದಲ್ಲಿ ನಗುವಂಥದ್ದೇನಿದೆ ಎಂಬ ಮುಖಭಾವದಿಂದ ಹಿಂದೆ ಸರಿದರು.

ಹೀಗೆ ನಡೆಯುತ್ತಿದ್ದಾಗ ಸ್ನೇಹದ ಪಾಠ ಬಂತು. ಸ್ನೇಹದಲ್ಲಿ ಮೂರು ಬಗೆ: ಉಪಯೋಗಕ್ಕಾಗಿ ಮಾಡುವುದು, ಸಂತೋಷಕ್ಕಾಗಿ ಮಾಡುವುದು, ಮತ್ತು ಆ ವ್ಯಕ್ತಿಗಾಗಿಯೇ ಮಾಡುವುದು. ಮೊದಲಿನವೆರಡು ಕಾರಣ ತೀರಿದೊಡನೆ ತೀರುತ್ತವೆ; ಮೂರನೆಯದು ಅಪರೂಪ, ಅದಕ್ಕೆ ಕಾಲ ಬೇಕು ಎಂದು ವಿವರಿಸಿ, ತೃಪ್ತಿಯಿಂದ ಕನ್ನಡಕ ಒರೆಸಿಕೊಂಡೆ. ಶಿವಾನಂದಪ್ಪ ತಲೆಯಾಡಿಸಿದರು. ಆಮೇಲೆ, ಏನೂ ಅಲ್ಲವೆಂಬಂತೆ, “ಹಂಗಾದ್ರೆ ನಮ್ದು ಯಾವ್ದು ಮೇಡಂ?” ಎಂದು ಕೇಳಿದರು.

ನಾನು ಗಡಿಯಾರ ನೋಡಿದೆ. “ಟೈಮಾಯ್ತು. ಅದು ದೊಡ್ಡ ವಿಷಯ, ಮುಂದಿನ ವಾರ ನೋಡೋಣ” ಎಂದು ಕುರ್ಚಿಗಳನ್ನು ಪೇರಿಸತೊಡಗಿದೆ. ನನ್ನ ಕಿವಿ ಬಿಸಿಯಾಗಿತ್ತು. ನೋಡಿ, ಒಬ್ಬಳೇ ಇರುವ ಹೆಂಗಸಿಗೆ ಬೀದಿಯ ಕಿಟಕಿಗಳ ಭಯ ಅರವತ್ತು ದಾಟಿದರೂ ಬಿಡುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ಹೆದರಿಸಿದ್ದು ಕಿಟಕಿಗಳಲ್ಲ. ನಾನು ಒಬ್ಬರಿಗೆ ಏನಾಗಬೇಕು ಎಂದು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು, ಉತ್ತರದ ಅಭ್ಯಾಸ ತಪ್ಪಿಹೋಗಿತ್ತು. ಅವರು ಎಂದಿನಂತೆ ಕೈಮುಗಿದು ಹೊರಟರು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಬೇಸರವಾದವರು ಪಾಠಕ್ಕೆ ಬರುವುದಿಲ್ಲ, ಇವರು ಬಂದಿಲ್ಲ, ಆದ್ದರಿಂದ ಇವರಿಗೆ ಬೇಸರವಾಗಿದೆ ಎಂದು ತೀರ್ಮಾನಿಸಿದೆ. ಇಂಥ ತರ್ಕವನ್ನು ವಿದ್ಯಾರ್ಥಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ. ನನ್ನ ತಲೆಯಲ್ಲಿ ಅದು ಯಾವ ಅಡ್ಡಿಯೂ ಇಲ್ಲದೆ ಎರಡು ವಾರ ಓಡಾಡಿತು. ಫೋನ್ ನಂಬರನ್ನು ನಾನು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಮೂರನೆಯ ಭಾನುವಾರ ಕೋಣೆಯ ಬೀಗವನ್ನೇ ತೆಗೆಯದೆ ಬೀದಿಯ ತುದಿಗೆ ನಡೆದೆ. ಪಾತ್ರೆ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಪಕ್ಕದ ಟೈಲರ್, “ನಮ್ ಶಿವಾನಂದಪ್ಪನವ್ರ ಮನೇನಾ? ಸುಬ್ರಹ್ಮಣ್ಯಪುರದಲ್ಲಿ ವಾಟರ್ ಟ್ಯಾಂಕ್ ಹಿಂದೆ, ನೀಲಿ ಗೇಟು” ಎಂದು ದಾರಿ ಹೇಳಿದರು. ಬನಶಂಕರಿಯಲ್ಲಿ ಬಸ್ಸು ಬದಲಿಸಿ ಹೋಗುವಾಗ, ಕಾಯಿಲೆಯೋ ಇನ್ನೇನೋ ಎಂಬ ಯೋಚನೆಯನ್ನು ಪ್ರತಿ ಸ್ಟಾಪಿನಲ್ಲೂ ಇಳಿಸಿ ಹೋಗಲು ಪ್ರಯತ್ನಿಸಿದೆ. ಅದು ನನ್ನೊಂದಿಗೇ ಕೊನೆಯವರೆಗೆ ಬಂತು.

ಬಾಗಿಲು ತೆರೆದದ್ದು ಸೊಸೆ. ನಾನು ಹೆಸರು ಹೇಳುವ ಮೊದಲೇ ಅವಳ ಮುಖ ಅರಳಿತು. “ನೀವು ಗ್ರೀಕ್ ಮೇಡಂ ಅಲ್ವಾ? ಬನ್ನಿ ಬನ್ನಿ. ಊಟಕ್ಕೆ ಕೂತ್ರೆ ಮಾವ ನಿಮ್ ಪಾಠಾನೇ ಹೇಳ್ತಿದ್ರು. ಈಗ ಯಾಕೋ ಹೋಗೋದೇ ಬಿಟ್ಟಿದ್ದಾರೆ, ಕೇಳಿದ್ರೆ ಮಂಡಿ ನೋವು ಅಂತಾರೆ.”

ನಾನು ಇಲ್ಲದ ಒಂದು ಊಟದ ಮೇಜಿನ ಮೇಲೆ ಇಷ್ಟು ದಿನ ನಾನಿದ್ದೆ ಎಂಬ ಸುದ್ದಿಯನ್ನು ಹೇಗೆ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಶಿವಾನಂದಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಗಾಬರಿಯಿಂದ ಹೊರಬಂದರು. ಸೊಸೆ ಕಾಫಿಗೆ ಒಳಗೆ ಹೋದಳು.

“ಮಂಡಿ ನೋವಾ?” ಎಂದೆ.

“ಇಲ್ಲ ಮೇಡಂ.” ದನಿ ತಗ್ಗಿಸಿದರು. “ಅವತ್ತು ಹಂಗೆ ಕೇಳ್ಬಾರ್ದಿತ್ತು. ನೀವು ತಕ್ಷಣ ಎದ್ದುಬಿಟ್ರಿ. ಓದಿದೋರು, ಬೇಜಾರ್ ಮಾಡ್ಕೊಂಡ್ರು ಅನ್ಕೊಂಡೆ.”

“ನಿಮಗೇ ನನ್ನ ಪಾಠ ಸಾಕಾಯಿತು ಅಂತ ನಾನಂದುಕೊಂಡೆ. ನನಗೆ ಉತ್ತರ ಗೊತ್ತಿರಲಿಲ್ಲ, ಶಿವಾನಂದಪ್ಪನವರೇ. ಅದಕ್ಕೇ ಎದ್ದೆ.”

“ಏನ್ ಮಾವ, ಏನ್ ಕೇಳಿದ್ರಿ?” ಎಂದು ಅಡುಗೆಮನೆಯಿಂದ ಸೊಸೆಯ ದನಿ ಬಂತು. ಇಬ್ಬರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಂತೆ ಬಾಯಿ ಮುಚ್ಚಿಕೊಂಡೆವು. ಆಮೇಲೆ ಅವರು ಮೆಲ್ಲಗೆ ನಕ್ಕು, “ಮೊದಲ್ನೇ ಥರ ಅಂತೂ ಅಲ್ಲ ಬಿಡಿ. ನಿಮ್ ಪಾಠದಿಂದ ನಂಗೆ ಒಂದ್ ಪೈಸೆ ಉಪಯೋಗ ಆಗಿಲ್ಲ” ಎಂದರು. ನನ್ನ ಬೋಧನೆಯ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ.

ಅವರು ನನ್ನ ಹೆಸರು ಕೇಳಿದ್ದು ಅಂದೇ. ವಸುಮತಿ ಎಂದೆ. ಅಮ್ಮ ಹೋದ ಮೇಲೆ ಆ ಹೆಸರನ್ನು ಬ್ಯಾಂಕಿನವರು, ಆಸ್ಪತ್ರೆಯವರು ಕೂಗಿದ್ದಾರೆ, ಕರೆದವರು ಕಡಿಮೆ. “ವಸುಮತಿಯವ್ರೇ, ಊಟ ಮಾಡ್ಕೊಂಡೇ ಹೋಗ್ಬೇಕು” ಎಂದರು. ಮಾಡಿದೆ. ಆಮೇಲೆ ಇನ್ನೂ ಕೆಲವು ಭಾನುವಾರ ಪಾಠ ನಡೆಯಿತು, ಸುಖವೆಂದರೇನೆಂಬ ಪ್ರಶ್ನೆಯನ್ನು ಅರ್ಧದವರೆಗೆ ತಂದೆವು. ಅಷ್ಟರಲ್ಲಿ ದಾವಣಗೆರೆಯಲ್ಲಿದ್ದ ಅವರ ಮಗಳಿಗೆ ಕೆಲಸ ಸಿಕ್ಕಿತು, ಅವಳ ಮಗುವನ್ನು ನೋಡಿಕೊಳ್ಳಲು ಜನ ಬೇಕಾಯಿತು, ಅವರು ಅಲ್ಲಿಗೆ ಹೊರಟರು. ಉಪಯೋಗಕ್ಕೆ ಬರುವ ಮನುಷ್ಯನನ್ನು ಗ್ರೀಕರು ಎಷ್ಟು ದಿನ ಹಿಡಿದಿಟ್ಟಾರು? ಸಂಘದ ಕೋಣೆಯಲ್ಲಿ ಈಗ ಭಾನುವಾರ ಜುಂಬಾ ಡ್ಯಾನ್ಸ್ ಕಲಿಸುತ್ತಾರೆ. ಅದಕ್ಕೆ ಕುರ್ಚಿ ಬೇಡ, ಜನ ತುಂಬುತ್ತಾರೆ.

ಕಳೆದ ವಾರ ಮಧ್ಯಾಹ್ನ ಫೋನ್ ಬಂತು. ದಾವಣಗೆರೆಯ ಮಗಳ ಮನೆಯ ನಂಬರು. ಒಂಟಿ ಮನೆಯಲ್ಲಿ ಫೋನು ಬಡಿದುಕೊಂಡರೆ ಮೊದಲು ಹೊಳೆಯುವುದು ಕೆಟ್ಟ ಸುದ್ದಿಯೇ. “ಏನಾಯಿತು? ಎಲ್ಲ ಆರಾಮಾ?” ಎಂದು ಕೇಳಿದೆ.

“ಏನೂ ಇಲ್ಲ ವಸುಮತಿಯವ್ರೇ” ಎಂದರು ಶಿವಾನಂದಪ್ಪ. ಹಿಂದೆ ಮಗುವೊಂದು ತಟ್ಟೆ ಬಡಿಯುತ್ತಿತ್ತು. “ಸುಮ್ನೆ ಮಾಡ್ದೆ.”

ಬೇರೆ ಯಾವುದಕ್ಕೂ ಅಲ್ಲದೆ ಅದಕ್ಕಾಗಿಯೇ ಮಾಡುವ ಕ್ರಿಯೆ ಎಂದು ನಾನು ಬೋರ್ಡಿನ ಮೇಲೆ ಉದ್ದಕ್ಕೆ ಬರೆಯುತ್ತಿದ್ದುದಕ್ಕೆ ನಮ್ಮ ಭಾಷೆಯಲ್ಲಿ ಇಷ್ಟು ಚಿಕ್ಕ ಮಾತೊಂದಿದೆ. ಅವರಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಮತ್ತೆ ಪಾಠವಾಗುತ್ತಿತ್ತು. ಕುರ್ಚಿ ಎಳೆದುಕೊಂಡು ಕಿಟಕಿಯ ಪಕ್ಕ ಕುಳಿತು, ಅಲ್ಲಿ ಮಳೆ ಬಂತೇ ಎಂದು ಕೇಳಿದೆ.